ಮಾಂಟನ ಕೋವಿ

ಅಪ್ಪನ ಕೋವಿ ಲೈಸೆನ್ಸಿನ ನವೀಕರಣದ ಅರ್ಜಿಯಲ್ಲಿ ಎರಡು ಕಾಲಂ ಖಾಲಿ ಉಳಿದವು. ಒಂದು 'ತಯಾರಕರು', ಇನ್ನೊಂದು 'ಕೋವಿಯ ನಂಬ್ರ'. ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಶಾಯಿ ಮಾಸಿದ ಕೈಬರಹದಲ್ಲಿ 'ಡಿ.ಬಿ.ಎಂ.ಎಲ್., ಲಂಡನ್' ಎಂದಷ್ಟೇ ಇತ್ತು. ಡಿಬಿಎಂಎಲ್ ಎಂದರೆ ಬಾಯಿಯಿಂದ ಮದ್ದು ತುಂಬುವ ಜೋಡುನಳಿಗೆ ಕೋವಿ. "ಲಂಡನ್ ಊರಿನ ಹೆಸರಲ್ವಾ? ಮಾಡಿದವರ ಹೆಸರು ಬೇಕು, ಕಂಪ್ಯೂಟರಿಗೆ ಹಾಕ್ಲಿಕ್ಕುಂಟು" ಎಂದರು ಕಚೇರಿಯಲ್ಲಿ. ಅವರು ಕೇಳಿದ್ದು ನ್ಯಾಯವೇ. ಮೂರು ತಲೆಮಾರಿನಿಂದ ಚಾವಡಿಯ ಗೋಡೆಯಲ್ಲಿ ತೂಗುತ್ತಿದ್ದ ಕೋವಿಯನ್ನು ಮಾಡಿದ್ದು ಯಾರು ಎಂದು ನಾವೇ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಮನೆಮಾತಿನಲ್ಲಿ ಇದಕ್ಕೆ ಬೆಡಿ ಅನ್ನುತ್ತೇವೆ, ತುಳುವಿನಲ್ಲೂ ಬೆಡಿಯೇ, ಮಲಯಾಳದಲ್ಲಿ ತೋಕ್ಕ್, ಶಾಲೆಯ ಕನ್ನಡದಲ್ಲಿ ಕೋವಿ. ಕಾಡತೂಸು ಹಾಕುವಂಥದ್ದು ತೋಟೆಯ ಕೋವಿ, ನಮ್ಮದು ಕೇಪಿನ ಕೋವಿ, ಅಂದರೆ ಸಿಡಿಯುವ ಪುಟ್ಟ ಟೊಪ್ಪಿಯಿಂದ (ಕೇಪು) ಮದ್ದಿಗೆ ಕಿಡಿ ಹತ್ತುವಂಥದ್ದು. ಮನೆಯಲ್ಲಿ ಮಾತ್ರ ಅದಕ್ಕೆ ಇನ್ನೊಂದು ಹೆಸರಿತ್ತು: ಮಾಂಟನ ಕೋವಿ. ಮಾಂಟ ಎಂಬ ಒಬ್ಬ ಮನುಷ್ಯನಿದ್ದ, ಅವನಿಂದ ಮುತ್ತಜ್ಜ ಇದನ್ನು ಮಂಗಳೂರಿನಲ್ಲಿ ಕೊಂಡರು ಎಂದೇ ನಾವೆಲ್ಲ ತಿಳಿದಿದ್ದದ್ದು. ನನ್ನ ತಂಗಿಯಂತೂ ಚಿಕ್ಕವಳಿದ್ದಾಗ ಮಾಂಟನಿಗೆ ಮೀಸೆಯನ್ನೂ ಕೊಟ್ಟಿದ್ದಳು.

ಅಪ್ಪನಿಗೆ ಎಂಬತ್ತೆರಡು. ಲೈಸೆನ್ಸ್ ಅವರ ಹೆಸರಿನಲ್ಲೇ ಇರುವುದರಿಂದ ಕೋವಿಗೆ ಸಂಬಂಧಪಟ್ಟ ಎಲ್ಲ ಕೆಲಸವೂ ಅವರ ಎದುರಿನಲ್ಲೇ, ನಮ್ಮ ಜಗಲಿಯಲ್ಲೇ ನಡೆಯಬೇಕು ಎಂದು ಮೊದಲೇ ನಿಶ್ಚಯ ಮಾಡಿಕೊಂಡೆ. ಪುತ್ತೂರಿಗೆ ಕೊಂಡುಹೋಗಿ ತೋರಿಸು ಎಂದವರಿದ್ದರು. ನಮ್ಮ ಲೈಸೆನ್ಸ್ ಕೇರಳದೊಳಗೆ ಮಾತ್ರ ನಡೆಯುವಂಥದ್ದು. ಪುತ್ತೂರು ಎಷ್ಟು ಹತ್ತಿರವಾದರೂ ಕೋವಿಯ ಮಟ್ಟಿಗೆ ಅದು ಬೇರೆ ರಾಜ್ಯ. 1956ರ ನವೆಂಬರ್ 1ಕ್ಕಿಂತ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ ಆಗಿದ್ದೆವು, ಅಜ್ಜ ಇದೇ ಕೋವಿಯನ್ನು ಹೆಗಲಿಗೇರಿಸಿ ವಿಟ್ಲದ ನೆಂಟರ ಮನೆಗೆ ಹೋಗುತ್ತಿದ್ದರಂತೆ.

ಹಳೆಯ ಪುಸ್ತಕದ ಬೈಂಡಿನಲ್ಲಿ ಮದರಾಸು ಸರಕಾರದ ಮುದ್ರೆ ಇದೆ, ಒಳಗೆ ಇಂಗ್ಲಿಷು, ಆಮೇಲಿನ ಪುಟಗಳಲ್ಲಿ ಮಲಯಾಳ. ಕನ್ನಡದ್ದು ಅಜ್ಜನ ಸಹಿ ಮಾತ್ರ.

ಕೋವಿಯನ್ನು ಗೂಟದಿಂದ ಇಳಿಸಿದ ದಿನ ಅಪ್ಪ ಮೊದಲು ಹೇಳಿದ್ದು, "ಗಜ ಇಳಿಸಿ ನೋಡು." ನನಗೆ ಅದು ಬರೀ ಶಾಸ್ತ್ರ ಅನ್ನಿಸಿತು. ಆದರೂ ಮಾಡಿದೆ. ನಳಿಗೆಯ ಅಡಿಯಲ್ಲಿ ಸಿಕ್ಕಿಸಿರುವ ಮರದ ಗಜವನ್ನು ಎಳೆದು ತೆಗೆದು ನಳಿಗೆಯೊಳಗೆ ಮೆಲ್ಲ ಇಳಿಸಬೇಕು, ಕೋವಿಯ ಬಾಯಿ ನಮ್ಮ ಮುಖದ ನೇರಕ್ಕೆ ಬರಬಾರದು. ಗಜ ಎಲ್ಲಿ ನಿಂತಿತೋ ಅಲ್ಲಿ ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲಿನಲ್ಲಿ ಗೆರೆ ಹಾಕಿ ಹೊರಗೆ ತೆಗೆದು, ಅದೇ ಅಳತೆಯನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಿದರೆ ಒಳಗೆ ಏನಾದರೂ ಉಂಟೋ ಇಲ್ಲವೋ ತಿಳಿಯುತ್ತದೆ. ಎಡದ ನಳಿಗೆಯಲ್ಲಿ ಗಜದ ತುದಿ ಕೇಪು ಕೂರಿಸುವ ಮೊಳೆಯ ಹತ್ತಿರದವರೆಗೂ ಬಂತು. ಬಲದ ನಳಿಗೆಯಲ್ಲಿ ನಾಲ್ಕು ಬೆರಳು ಮೊದಲೇ ನಿಂತಿತು.

ಎರಡು ಸಲ, ಮೂರು ಸಲ ನೋಡಿದೆ. ನಾಲ್ಕೇ ಬೆರಳು.

ಅಪ್ಪ ಸುಮ್ಮನೆ ಕುಳಿತಿದ್ದರು. ಬಲಗಡೆಯ ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಎತ್ತಿದಲ್ಲಿ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ ಅವರು ಜೀವಮಾನವಿಡೀ ಎಡದ ನಳಿಗೆಯನ್ನು ಮಾತ್ರ ಬಳಸಿದವರು. ಅದೂ ಮಂಗಗಳನ್ನು ಓಡಿಸಲು, ಚರೆ ಹಾಕದೆ ಬರೀ ಮದ್ದಿನ ಸದ್ದಿಗೆ. ಅಂದರೆ ಬಲದ ಈಡು ತುಂಬಿದ್ದು ಅಜ್ಜ. ಅಜ್ಜ ತೀರಿಕೊಂಡದ್ದು 1974ರಲ್ಲಿ. ಇಲ್ಲಿಯವರೆಗಿನ ಒಂದೊಂದು ಚುನಾವಣೆಗೂ ಅಪ್ಪ ಇದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ಕೊಂಡುಹೋಗಿ ಇಟ್ಟು, ಮತ ಎಣಿಕೆ ಮುಗಿದ ಮೇಲೆ ಬಸ್ಸಿನಲ್ಲೇ ತಂದವರು. ಕೆಲವು ಸಲ ನಾನೂ ಜೊತೆಗಿದ್ದೆ, ಕೋವಿಯನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು. ಅದನ್ನು ನೆನೆದರೆ ಈಗಲೂ ಬೆನ್ನಿನಲ್ಲಿ ಚಳಿ ಏಳುತ್ತದೆ. ಕರಿಮದ್ದು ಒದ್ದೆಯಾಗದೆ ಇದ್ದರೆ ಐವತ್ತು ವರ್ಷ ಅದಕ್ಕೆ ಲೆಕ್ಕವೇ ಅಲ್ಲ. ಪೆಟ್ಟಿಲುಪ್ಪು ಶೇಕಡಾ 75, ಇದ್ದಲು 15, ಗಂಧಕ 10, ಇಷ್ಟೇ ಅದರಲ್ಲಿ ಇರುವುದು, ಹಳಸುವಂಥ ವಸ್ತು ಒಂದೂ ಇಲ್ಲ. ಹಳೆಯ ಕೇಪಿನ ಕೋವಿ ಮನೆಯಲ್ಲಿರುವವರು ಬೇರೆ ಏನನ್ನೂ ಮಾಡುವ ಮೊದಲು ಗಜ ಇಳಿಸಿ ನೋಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಗೋಡೆಗೆ ತೂಗುಹಾಕಿ ಎಷ್ಟು ಕಾಲವಾಯಿತು ಎಂಬುದನ್ನು ನಂಬಬೇಡಿ.

ಜಿಲ್ಲೆಯ ತೆಂಕು ಕಡೆಯಿಂದ ಕೋವಿ ರಿಪೇರಿಯ ಲೈಸೆನ್ಸ್ ಇರುವ ಆಚಾರ್ರನ್ನು ಕರೆಸಿದೆವು. ಅವರು ಬಂದವರೇ ಕೋವಿಯ ಬಾಯಿಯನ್ನು ಅಂಗಳದ ತುದಿಯ ಮುರಕಲ್ಲಿನ ಕಟ್ಟೆಗೆ ತಿರುಗಿಸಿ, ಮಕ್ಕಳನ್ನು ಒಳಗೆ ಕಳಿಸಿದರು. ಎರಡೂ ಮೊಳೆಗಳ ಮೇಲೆ ಕೇಪು ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದರು. ಬಲದ ಮೊಳೆಯನ್ನು ತಿರುಪಿ ಬಿಚ್ಚಿ, ಆ ತೂತಿನಿಂದಲೂ ಬಾಯಿಯಿಂದಲೂ ನೀರು ಹೊಯ್ದು, "ಇವತ್ತು ಇದು ಹೀಗೇ ನೆನೆಯಲಿ, ನಾಳೆ ಬರ್ತೇನೆ" ಎಂದು ಹೊರಟುಹೋದರು. ಮರುದಿನ ಗಜದ ತುದಿಗೆ ಸುರುಳಿ ಮೊನೆಯ ತಿರುಪನ್ನು ಕೂರಿಸಿ ಒಳಗಿಳಿಸಿ ತಿರುಗಿಸಿದಾಗ ಮೊದಲು ಬಂದದ್ದು ತೆಂಗಿನ ನಾರಿನ ಒಂದು ಸಿಂಬೆ. ಆಮೇಲೆ ಬೂದಿ ಬಳಿದಂತೆ ಬೆಳ್ಳಗಾಗಿದ್ದ ಸೀಸದ ಚರೆಗಳು, ಪುನಃ ನಾರು, ಕೊನೆಗೆ ಕರಿ ಗಂಜಿಯಂಥ ಮದ್ದು. ನಾರಿನ ಸಿಂಬೆಯನ್ನು ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದು ನನ್ನ ಅಪ್ಪ ಸುತ್ತಿದ್ದು. ಅವರದ್ದು ಎಡಗೈ. ಹುರಿ ನೋಡು, ತಿರುವು ಹೀಗೆ ಹೋಗ್ತದೆ" ಎಂದರು.

ಇಷ್ಟಾದ ಮೇಲೆಯೇ ಮಾಡಿದವರು ಯಾರು ಎಂಬ ಪ್ರಶ್ನೆಗೆ ಕೈ ಹಾಕಿದ್ದು.

ಮೊದಲು ಕಣ್ಣಿಗೆ ಕಂಡದ್ದು ಬುಡದ ಮರದ ಮೇಲೆ ಬಿಳಿ ಬಣ್ಣದಲ್ಲಿ ಬರೆದ 37. ನಂಬ್ರ ಸಿಕ್ಕಿತು ಎಂದು ಹಿಗ್ಗಿದೆ. ಅದು ಯಾವುದೋ ಚುನಾವಣೆಯಲ್ಲಿ ಠಾಣೆಯಲ್ಲಿಟ್ಟಾಗ ಗುರುತಿಗೆ ಬರೆದದ್ದು ಎಂದು ಅಪ್ಪ ಹೇಳಿದರು. ಕೋವಿಯ ನಂಬ್ರವಾದರೆ ಲೋಹದಲ್ಲಿ ಕೆತ್ತಿರುತ್ತದೆ, ಬಣ್ಣದಲ್ಲಿ ಬರೆದಿರುವುದಿಲ್ಲ.

ಕುದುರೆಗಳ ಪಕ್ಕದ ಉಕ್ಕಿನ ತಗಡುಗಳ ಮೇಲೆ ಏನೋ ಕೆತ್ತನೆ ಇತ್ತು, ಓದಲು ಆಗುತ್ತಿರಲಿಲ್ಲ. ಕಾರಣ ತುಕ್ಕಲ್ಲ. ವರ್ಷ ವರ್ಷ ನವರಾತ್ರಿಯ ಆಯುಧಪೂಜೆಗೆ ಹಚ್ಚಿದ ಗಂಧ. ನೂರು ನವರಾತ್ರಿಯ ಗಂಧ ಕೆತ್ತನೆಯ ಗೆರೆಗಳಲ್ಲಿ ಗಟ್ಟಿಯಾಗಿ ಕೂತು, ಮೇಲೆ ಎಣ್ಣೆಯ ಜಿಡ್ಡು ಹಿಡಿದು, ಕುಂಕುಮದ ಕೆಂಪು ಅಲ್ಲಲ್ಲಿ ಕಪ್ಪಾಗಿತ್ತು. ಮರಳು ಕಾಗದ ಮುಟ್ಟಿಸಬಾರದು ಎಂದು ಆಚಾರ್ರು ಎಚ್ಚರಿಕೆ ಕೊಟ್ಟಿದ್ದರು. ಒಮ್ಮೆ ಉಜ್ಜಿದರೆ ಮಾಡಿದವನ ಕೈ ಕೆಲಸವೂ ಹೋಯಿತು, ಗುರುತೂ ಹೋಯಿತು. ಹಾಗಾಗಿ ಸೀಮೆಎಣ್ಣೆಯಲ್ಲಿ ನೆನೆಸಿದ ಹಳೆ ಪಂಚೆಯ ತುಂಡು, ಚೂಪು ಮಾಡಿದ ಬಿದಿರ ಕಡ್ಡಿ, ಇವೆರಡರಲ್ಲೇ ಮೂರು ಸಂಜೆ ಕಳೆದೆ. ಕಡ್ಡಿಯ ತುದಿಯಲ್ಲಿ ಗಂಧ ಪುಡಿಯಾಗಿ ಏಳುವಾಗ ಸಣ್ಣಕ್ಕೆ ಪರಿಮಳವೂ ಬರುತ್ತಿತ್ತು. ಮೊದಲು ಎದ್ದು ಬಂದದ್ದು ಒಂದು ಹಕ್ಕಿ, ಹುಲ್ಲಿನ ನಡುವೆ ಕೂತ ಕೌಜುಗದಂಥದ್ದು. ಅದರ ಕೆಳಗೆ ಒಂದೊಂದೇ ಇಂಗ್ಲಿಷ್ ಅಕ್ಷರ. ಎಂ. ಎ. ಎನ್. ಟಿ. ಓ. ಎನ್.

ಮ್ಯಾಂಟನ್! ನಮ್ಮ ಮಾಂಟ ಸಿಕ್ಕಿದ್ದ.

ಎರಡು ನಳಿಗೆಗಳನ್ನು ಕೂಡಿಸುವ ಮೇಲಿನ ಪಟ್ಟಿಯಲ್ಲಿ 'ಲಂಡನ್' ಎಂದೂ ಇತ್ತು. ಲೈಸೆನ್ಸ್ ಪುಸ್ತಕಕ್ಕೆ ಲಂಡನ್ ಬಂದದ್ದು ಅಲ್ಲಿಂದ. ಜೋಸೆಫ್ ಮ್ಯಾಂಟನ್ ಎಂದರೆ ಕೋವಿ ಕೆಲಸದಲ್ಲಿ ಸಣ್ಣ ಹೆಸರಲ್ಲ. 1766ರಲ್ಲಿ ಹುಟ್ಟಿ 1835ರಲ್ಲಿ ತೀರಿಕೊಂಡ ಅವನು ಲಂಡನ್ನಿನ ಕೋವಿಗೆ ಈಗಿನ ರೂಪ ಕೊಟ್ಟವರಲ್ಲಿ ದೊಡ್ಡವನು. ಆಮೇಲೆ ತನ್ನದೇ ಹೆಸರಿನಲ್ಲಿ ಪ್ರಸಿದ್ಧನಾದ ಜೇಮ್ಸ್ ಪರ್ಡಿ ಕೂಡ ಅವನ ಅಂಗಡಿಯಲ್ಲಿ ಕೆಲಸ ಮಾಡಿದವನೇ. ಇಷ್ಟು ಕೀರ್ತಿ ಇದ್ದೂ 1826ರಲ್ಲಿ ಅವನು ದಿವಾಳಿಯಾದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೆರ್ಲದ ಮೂಲೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಮ್ಯಾಂಟನ್ನನ ಕೋವಿ! ದುಬೈಯಲ್ಲಿರುವ ತಮ್ಮನಿಗೆ ಹನ್ನೊಂದು ಗಂಟೆಗೆ ಫೋನು ಮಾಡಿ ಹೇಳಿದೆ.

ಬೆಳಗ್ಗೆ ಹಗಲು ಬೆಳಕಿನಲ್ಲಿ ನೋಡುವಾಗ ಅನುಮಾನ ಶುರುವಾಯಿತು. ಅಕ್ಷರಗಳು ಒಂದೇ ಅಂತರದಲ್ಲಿಲ್ಲ, ಕೊನೆಯ ಎರಡಕ್ಷರ ಜಾಗ ಸಾಲದೆ ಒತ್ತಿಕೊಂಡಿವೆ. ಹೆಸರೂ ಬರೀ ಅಡ್ಡಹೆಸರು. ಜೋಸೆಫ್ ಇಲ್ಲ, ಬೀದಿಯ ಹೆಸರಿಲ್ಲ, ನಂಬ್ರವಂತೂ ಇಲ್ಲವೇ ಇಲ್ಲ. ಲಂಡನ್ನಿನ ದೊಡ್ಡ ಕೆಲಸಗಾರರು ತಾವು ಮಾಡಿದ ಕೋವಿಗಳಿಗೆ ಕ್ರಮಸಂಖ್ಯೆ ಹಾಕದೆ ಬಿಡುತ್ತಿರಲಿಲ್ಲ. ಇನ್ನೊಂದು, ಹೆಸರು ಕೆತ್ತುವುದು ತಗಡಿನ ಮೇಲೆ, ಯಾರು ಬೇಕಾದರೂ ಕೆತ್ತಬಹುದು. ಮಾರಿದ ಅಂಗಡಿಯವನ ಹೆಸರೂ ಅಲ್ಲೇ ಬರುತ್ತದೆ, ಕದ್ದ ಹೆಸರೂ ಅಲ್ಲೇ ಬರುತ್ತದೆ. ಮ್ಯಾಂಟನ್ ಸತ್ತ ಮೇಲೂ ಅವನ ಹೆಸರನ್ನು ಅಗ್ಗದ ಕೋವಿಗಳ ಮೇಲೆ ಕೆತ್ತಿ ಮಾರುವುದು ನಡೆದೇ ಇತ್ತು. ನಿಜ ಬೇಕಾದರೆ ನಳಿಗೆಯ ಹೊಟ್ಟೆಯಡಿಯನ್ನು ನೋಡಬೇಕು. ಮರದ ಒಳಗೆ ಅಡಗಿರುವ ಆ ಭಾಗದಲ್ಲಿ ನಳಿಗೆ ಪರೀಕ್ಷೆಯ ಮುದ್ರೆಗಳು ಇರುತ್ತವೆ. ಹೆಚ್ಚಿನ ಮದ್ದು ತುಂಬಿ ಹೊಡೆದು ನೋಡಿ, ನಳಿಗೆ ಒಡೆಯದೆ ಉಳಿದರೆ ಮಾತ್ರ ಒತ್ತುವ ಅಧಿಕೃತ ಮುದ್ರೆ ಅದು.

ಬಿಚ್ಚುವುದು ಕಷ್ಟವಾಗಲಿಲ್ಲ. ಎರಡೂ ಕುದುರೆಗಳನ್ನು ಅರ್ಧ ಎತ್ತಿ, ಮರದ ಮೂಲಕ ಅಡ್ಡಲಾಗಿ ಹಾಯಿಸಿದ ಚಪ್ಪಟೆ ಬೆಣೆಯನ್ನು ಒಂದು ಪಕ್ಕದಿಂದ ಮೆಲ್ಲ ತಟ್ಟಿ ಸರಿಸಬೇಕು. ಆಚಾರ್ರು ಕಬ್ಬಿಣದ ಸುತ್ತಿಗೆ ಬೇಡವೆಂದು ಅಡಿಕೆ ಮರದ ತುಂಡಿನಿಂದ ತಟ್ಟಿದರು. ಆಮೇಲೆ ನಳಿಗೆಯ ಬಾಯಿಯ ಕಡೆಯನ್ನು ಮೇಲಕ್ಕೆತ್ತಿದರೆ ಹಿಂದಿನ ಕೊಕ್ಕೆ ತಾನಾಗಿ ಬಿಡುತ್ತದೆ. ನಳಿಗೆ ಜೋಡಿ ಕೈಗೆ ಬಂತು. ಮರದ ಹೊಂಡದಲ್ಲಿ ಒಂದು ಸತ್ತ ಹಲ್ಲಿಮರಿ, ಮಣ್ಣಾದ ಎಣ್ಣೆ, ಗೂಡು ಕಟ್ಟಿ ಬಿಟ್ಟುಹೋದ ಯಾವುದೋ ಹುಳದ ಕೆಂಪು ಮಣ್ಣು.

ಮುದ್ರೆ ಓದುವುದಕ್ಕೆ ಭೂತಕನ್ನಡಿಗಿಂತ ಉಪಕಾರವಾದದ್ದು ಓರೆ ಬೆಳಕು. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ನಳಿಗೆಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿದರೆ ತಗ್ಗಾದ ಗೆರೆಗಳೆಲ್ಲ ನೆರಳಾಗಿ ಎದ್ದು ಬರುತ್ತವೆ. ಜೊತೆಗೆ ತೆಳ್ಳನೆಯ ಕಾಗದ ಇಟ್ಟು ಮೆತ್ತನೆಯ ಪೆನ್ಸಿಲು ಉಜ್ಜಿದೆ, ಮಕ್ಕಳು ನಾಣ್ಯದ ಚಿತ್ರ ತೆಗೆಯುವ ಹಾಗೆ. ಬರ್ಮಿಂಗ್‌ಹ್ಯಾಮಿನದ್ದಾದರೆ ಕಿರೀಟದ ಕೆಳಗೆ ಅಡ್ಡಹಾಯ್ದ ಎರಡು ರಾಜದಂಡಗಳು ಇರಬೇಕು, ಅಲ್ಲಿಯ ಪರೀಕ್ಷಾ ಮನೆ 1813ರದ್ದು. ಲಂಡನ್ನಿನದ್ದಾದರೆ ಕಿರೀಟದ ಕೆಳಗೆ ಹೆಣೆದುಕೊಂಡ ಜಿ ಮತ್ತು ಪಿ, ಇನ್ನೊಂದರಲ್ಲಿ ವಿ. ಎರಡನ್ನೂ ಹುಡುಕಿದೆ. ಒಂದೂ ಇರಲಿಲ್ಲ. ಕಾಗದದ ಮೇಲೆ ಮೂಡಿದ್ದು ಒಂದು ಮೊಟ್ಟೆಯಾಕಾರ, ಅದರೊಳಗೆ ಮೂರು ಅಕ್ಷರ, ಅಕ್ಷರಗಳ ಕೆಳಗೆ ಒಂದು ಪುಟ್ಟ ನಕ್ಷತ್ರ. ಮೊದಲ ಸಲ ಎಫ್ ಎಲ್ ಸಿ ಎಂದು ಓದಿ ಒಂದು ವಾರ ದಾರಿ ತಪ್ಪಿದೆ. ಎಡದ ನಳಿಗೆಯ ಮುದ್ರೆ ಸ್ವಲ್ಪ ಆಳವಾಗಿದ್ದುದರಿಂದ ಅದು ಇ ಎಲ್ ಜಿ ಎಂದು ತಿಳಿಯಿತು. ಬೆಲ್ಜಿಯಂ ದೇಶದ ಲಿಯೇಜ್ ಪಟ್ಟಣದ ಮುದ್ರೆ!

ಹತ್ತಿರದಲ್ಲೇ 16.8 ಎಂಬ ಅಂಕಿ ಇತ್ತು. ನಡುವಿನ ಚುಕ್ಕೆಯೂ ನಮ್ಮ ಊಹೆಯನ್ನು ಗಟ್ಟಿ ಮಾಡಿತು. ಇಂಗ್ಲಿಷರು ನಳಿಗೆಯ ಬಾಯಿಯ ಅಳತೆಯನ್ನು ಬೋರ್ ಲೆಕ್ಕದಲ್ಲಿ ಹೇಳುವವರು. ಆ ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹದಿನಾರು ತೂಗಿದರೆ ಅದು 16 ಬೋರ್. ಬೆಲ್ಜಿಯಂನವರು ಮಿಲಿಮೀಟರಿನಲ್ಲಿ ಬರೆಯುತ್ತಿದ್ದರು. ಬದಿಯಡ್ಕದ ವರ್ಕ್‌ಶಾಪಿನಿಂದ ವರ್ನಿಯರ್ ತಂದು ಅಳೆದೆ. ಸವೆತ ಸೇರಿ 17ಕ್ಕೆ ಸ್ವಲ್ಪವೇ ಕಡಮೆ. 16 ಬೋರ್ ಎಂದರೆ ಸರಿಯಾಗಿ 16.8 ಮಿಲಿಮೀಟರೇ.

ಕಾಲ ಹೇಳಿದ್ದು ಇನ್ನೂ ಎರಡು ಸಣ್ಣ ಗುರುತುಗಳು. ಲಿಯೇಜಿನಲ್ಲಿ ಪರೀಕ್ಷಕರು ತಮ್ಮ ತಮ್ಮ ಅಕ್ಷರವನ್ನೂ ಒತ್ತುತ್ತಿದ್ದರು. ಆ ಅಕ್ಷರದ ತಲೆಯ ಮೇಲೆ ಕಿರೀಟವಿದ್ದರೆ 1853ರಿಂದ 1877ರ ನಡುವಿನದ್ದು, ನಕ್ಷತ್ರವಿದ್ದರೆ 1877ರ ನಂತರದ್ದು. ನಮ್ಮದರಲ್ಲಿ ನಕ್ಷತ್ರ. ಇನ್ನು 1893ರಿಂದ ಆ ಮೊಟ್ಟೆಯಾಕಾರದ ಮುದ್ರೆಯ ಮೇಲೆಯೇ ಒಂದು ಕಿರೀಟ ಬಂತು. ನಮ್ಮದರಲ್ಲಿ ಆ ಕಿರೀಟ ಇಲ್ಲ. ಹಾಗಾದರೆ ಈ ನಳಿಗೆ ಪರೀಕ್ಷೆ ಪಾಸಾದದ್ದು 1877ಕ್ಕೂ 1893ಕ್ಕೂ ನಡುವೆ. ಜೋಸೆಫ್ ಮ್ಯಾಂಟನ್ ಸತ್ತು ಆಗಲೇ ನಲವತ್ತು ವರ್ಷ ಕಳೆದಿತ್ತು.

ತೋಟೆಯ ಕೋವಿ ಯುರೋಪಿನಲ್ಲಿ ಮನೆಮಾತಾಗಿದ್ದ ಆ ಕಾಲದಲ್ಲೂ ಕೇಪಿನ ಕೋವಿಯನ್ನು ಯಾಕೆ ಮಾಡುತ್ತಿದ್ದರು ಎಂದು ಆಚಾರ್ರನ್ನು ಕೇಳಿದೆ. "ನಿಮ್ಮಂಥವರಿಗೆ" ಎಂದರು. ತೋಟೆ ಬೇಕಾದರೆ ಪೇಟೆಗೆ ಹೋಗಬೇಕು, ಒಂದೊಂದಕ್ಕೂ ದುಡ್ಡು. ಮದ್ದು, ಚರೆ ತೂಕಕ್ಕೆ ಸಿಗುತ್ತಿತ್ತು, ನಾರು ಮನೆಯ ತೆಂಗಿನದ್ದೇ. ದೂರದ ದೇಶಗಳ ರೈತರಿಗೆಂದೇ ಲಿಯೇಜಿನಲ್ಲಿ ಇಂಥವನ್ನು ರಾಶಿ ರಾಶಿ ಮಾಡಿ ಹಡಗಿಗೇರಿಸುತ್ತಿದ್ದರು.

ಲಂಡನ್ ಅಲ್ಲ ಎಂದು ಅಪ್ಪನಿಗೆ ಹೇಳುವುದು ಹೇಗೆ ಎಂದು ಎರಡು ದಿನ ತಡೆದೆ. ಹೇಳಿದಾಗ ಅವರು, "ಹಾಗಾದ್ರೆ ಖೋಟಾ ಮಾಲು ಅನ್ನು" ಎಂದರು. ಆ ಮಾತು ನನಗೆ ಸಹಿಸಲಾಗಲಿಲ್ಲ. ಹೆಸರು ಖೋಟಾ, ಕೋವಿ ಖೋಟಾ ಅಲ್ಲ. ಅವರ ಕೈಹಿಡಿದು ನಳಿಗೆಯನ್ನು ಕಿಟಕಿಯ ಬೆಳಕಿಗೆ ಒಡ್ಡಿದೆ. ತುಕ್ಕು ಒರೆಸಿದ ಕಡೆ ಅದರ ಮೈಯಲ್ಲಿ ಹಲಸಿನ ಹಲಗೆಯ ಗೆರೆಗಳ ಹಾಗೆ, ಸುರುಳಿಯ ಮೇಲೆ ಸುರುಳಿ, ಒಂದು ಕಪ್ಪು, ಒಂದು ಬೂದು. ಇದನ್ನು ಡಮಾಸ್ಕಸ್ ನಳಿಗೆ ಅನ್ನುತ್ತಾರೆ. ಕಬ್ಬಿಣ, ಉಕ್ಕು ಎರಡರ ಸಣ್ಣ ಸರಳುಗಳನ್ನು ಸೇರಿಸಿ, ಹಗ್ಗ ಹೊಸೆದಂತೆ ಕಾಯಿಸಿ ಹೊಸೆದು, ಪಟ್ಟಿ ಮಾಡಿ, ಆ ಪಟ್ಟಿಯನ್ನು ಒಂದು ಸರಳಿನ ಸುತ್ತ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದು ಕೊಳವೆ ಮಾಡುವುದು. ಲಿಯೇಜಿನ ಹತ್ತಿರದ ವೆಸ್ದ್ರ ನದಿಯ ಕಣಿವೆಯಲ್ಲಿ ಊರಿಗೆ ಊರೇ ಈ ಕೆಲಸ ಮಾಡುತ್ತಿತ್ತು. ನಳಿಗೆ ಒಬ್ಬನದ್ದು, ಮರ ಇನ್ನೊಬ್ಬನದ್ದು, ಕುದುರೆ ಮತ್ತೊಬ್ಬನದ್ದು. ಇಂಗ್ಲೆಂಡಿನ ಹೆಸರಾಂತ ಕೋವಿಯವರೇ ಅಲ್ಲಿಂದ ಡಮಾಸ್ಕಸ್ ಕೊಳವೆಗಳನ್ನು ತರಿಸಿಕೊಂಡು ತಮ್ಮ ಕೋವಿಗಳಿಗೆ ಬಳಸುತ್ತಿದ್ದರು. ಲಿಯೇಜಿನಲ್ಲಿ ನಳಿಗೆ ಪರೀಕ್ಷೆಯ ಆಜ್ಞೆ ಹೊರಟದ್ದೇ 1672ರಲ್ಲಿ. ನಮ್ಮ ನಳಿಗೆಯ ಅಡಿಯಲ್ಲಿ, ಇ ಎಲ್ ಜಿ ಮುದ್ರೆಯಿಂದ ಒಂದು ಗೇಣು ಮುಂದೆ, ಗೆರೆ ಸಣ್ಣದಾಗಿ ಒತ್ತಿದ ಎರಡಕ್ಷರಗಳಿವೆ. ಅದು ಕುಲುಮೆಯಲ್ಲಿ ಕೂತು ಇದನ್ನು ಸುತ್ತಿದವನದ್ದು. ತಗಡಿನ ಮೇಲೆ ಬೇರೆಯವನ ಹೆಸರು ಮೆರೆಯುವಾಗ ಅವನು ತನ್ನ ಎರಡಕ್ಷರವನ್ನು ಯಾರೂ ನೋಡದ ಜಾಗದಲ್ಲಿ ಇಟ್ಟುಹೋಗಿದ್ದಾನೆ. ನನಗೆ ಇದು ಮ್ಯಾಂಟನ್‌ಗಿಂತ ಹೆಚ್ಚು.

ಅಪ್ಪ ಬೆರಳಿನಿಂದ ಆ ಎರಡಕ್ಷರಗಳನ್ನು ಸವರಿದರು. ಅವರಿಗೆ ಕಾಣುವುದಿಲ್ಲ, ತಗ್ಗು ತಿಳಿಯುತ್ತದೆ.

ಕಚೇರಿಯ ಕೆಲಸ ಆಮೇಲೆ ಬೇಗ ಮುಗಿಯಿತು. ನಾನು ಕೊಟ್ಟ ಫೋಟೋ ನೋಡಿ ಅಲ್ಲಿ ಒಬ್ಬರು ನಂಬ್ರದ ಕಾಲಂನಲ್ಲಿ 168 ಎಂದು ಹೊಡೆದುಬಿಟ್ಟಿದ್ದರು. ಅದು ನಂಬ್ರವಲ್ಲ, ಬಾಯಿಯ ಅಳತೆ ಎಂದು ವಿವರಿಸಿ ತಿದ್ದಿಸಿದೆ. ಒಮ್ಮೆ ತಪ್ಪು ಅಂಕಿ ಕೂತರೆ ನಾಳೆ ಕೋವಿ ಬೇರೆ, ಲೈಸೆನ್ಸ್ ಬೇರೆ ಆಗುತ್ತದೆ. ಈಗ ಪುಸ್ತಕದಲ್ಲಿ ಹೀಗಿದೆ: ಲಿಯೇಜ್, ಬೆಲ್ಜಿಯಂ, 16 ಬೋರ್, ನಂಬ್ರ ಇಲ್ಲ, ತಗಡಿನ ಮೇಲೆ ಮ್ಯಾಂಟನ್ ಎಂಬ ಕೆತ್ತನೆ. ಇಷ್ಟು ಹಳೆಯದಕ್ಕೆ ಲೈಸೆನ್ಸೇ ಬೇಡ ಎಂದು ಕೆಲವರು ಹೇಳಿದರು. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ಬಿಟ್ಟುಕೊಡುವುದು ರಿಪೇರಿ ಮಾಡಿದರೂ ಹಾರಿಸಲಾಗದಂಥದ್ದನ್ನು. ನಮ್ಮದರ ಎಡದ ನಳಿಗೆ ಈಗಲೂ ಕೆಲಸ ಮಾಡುತ್ತದೆ, ನಮಗೆ ಲೈಸೆನ್ಸ್ ಬೇಕೇ ಬೇಕು. ವಿದೇಶದವರಿಗೆ ಒಳ್ಳೆ ಕ್ರಯಕ್ಕೆ ಕೊಡಿಸುತ್ತೇನೆ ಎಂದು ಬಂದವನಿಗೆ, ನೂರು ವರ್ಷ ದಾಟಿದ ವಸ್ತುವನ್ನು ಹಾಗೆ ದೇಶದ ಹೊರಗೆ ಕಳಿಸಲು ಕಾನೂನು ಬಿಡುವುದಿಲ್ಲ ಎಂದು ಹೇಳಿ ಚಾ ಕುಡಿಸಿ ಕಳಿಸಿದೆ.

ಕುದುರೆಯ ತಗಡಿನ ಒಳಮೈಯನ್ನು ನೋಡುವುದು ಬಾಕಿ ಉಂಟು. ಅದನ್ನು ಮಾಡಿದವನೂ ಒಳಗೆ ಗುರುತು ಒತ್ತಿರುವುದುಂಟು ಎನ್ನುತ್ತಾರೆ ಆಚಾರ್ರು. ಬಲಗಡೆಯ ತಿರುಪು ಗಟ್ಟಿ ಕೂತಿದೆ, ಜೋರು ಮಾಡಿದರೆ ತಲೆ ಹಾರುತ್ತದೆ, ಮಳೆ ಮುಗಿಯಲಿ ಎಂದಿದ್ದಾರೆ. ಸಂಜೆ ಕಾಫಿ ಆದ ಮೇಲೆ ಅಪ್ಪ ಕೋವಿಯನ್ನು ಮಡಿಲಿಗೆ ತರಿಸಿಕೊಂಡು, ಬೆರಳಿನಿಂದ ತಿರುಪನ್ನು ಹುಡುಕಿ, ಕೋಳಿಗರಿಯ ತುದಿಯಿಂದ ಒಂದು ಹನಿ ಎಣ್ಣೆ ಬಿಡುತ್ತಾರೆ.